ಕೊಡಗಿನ ಮಳೆಗೆ ಯಾವ ಟ್ರೇಲರ್? ಹೈಬ್ರಿಡ್ ಕೊಳ್ಳುವ ಮುನ್ನ, ಕೊಂಡ ಮೇಲೆ

ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಮನೆಯೊಂದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು, ಅದರಲ್ಲಿ ಎಷ್ಟು ಜನ ಮಲಗಬಹುದು ಎಂದು. ಆಮೇಲೆ ಕೇಳುವುದು, ನಮ್ಮ ಗಾಡಿ ಅದನ್ನು ಎಳೆಯುತ್ತದೆಯೇ ಎಂದು. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಕೊಡಗಿನಲ್ಲಿ ಇರುವವರು ಮಾತ್ರ ಇವಕ್ಕಿಂತ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ನೆನೆದು ಬಂದ ಟ್ರೇಲರನ್ನು ಎಲ್ಲಿ ಬಿಚ್ಚಿ ಒಣಗಿಸುತ್ತೀರಿ? ಇದಕ್ಕೆ ಖಚಿತವಾದ ಉತ್ತರ ಇರುವವರಿಗೆ ಹೈಬ್ರಿಡ್ ಟ್ರೇಲರ್‌ನಷ್ಟು ಒಳ್ಳೆಯ ಆಯ್ಕೆ ಮತ್ತೊಂದಿಲ್ಲ. ಉತ್ತರ ಇಲ್ಲದವರು ಎಷ್ಟೇ ಆಸೆಯಾದರೂ ಅದನ್ನು ಬಿಟ್ಟು ಗಟ್ಟಿ ಗೋಡೆಯ ಟ್ರೇಲರ್ ಕಡೆಗೆ ಹೋಗುವುದು ಮೇಲು. ಈ ಬರಹದ ಉಳಿದ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ.

ಗೊತ್ತಿಲ್ಲದವರಿಗಾಗಿ ಮೊದಲು ವಿವರಣೆ. ಹೈಬ್ರಿಡ್ ಟ್ರೇಲರ್‌ನ ನಡು ಭಾಗ ಸಾಮಾನ್ಯ ಕ್ಯಾರವಾನ್‌ನಂತೆ ಗಟ್ಟಿಯಾದದ್ದು. ಗೋಡೆ, ಚಾವಣಿ, ಅಡುಗೆಯ ಕಟ್ಟೆ, ಶೌಚಾಲಯ ಎಲ್ಲ ಅದರೊಳಗೆ. ಮುಂದೆ, ಹಿಂದೆ, ಕೆಲವು ಮಾದರಿಗಳಲ್ಲಿ ಪಕ್ಕದಲ್ಲೂ, ಗೋಡೆಯ ಒಂದು ಭಾಗ ಕೆಳಗೆ ಮಡಚಿಕೊಂಡು ಮಂಚದ ಹಲಗೆಯಾಗುತ್ತದೆ. ಅದರ ಮೇಲೆ ಕ್ಯಾನ್ವಾಸ್ ಗುಡಾರ ನಿಲ್ಲುತ್ತದೆ. ಹೊರಡುವಾಗ ಗುಡಾರವನ್ನು ಒಳಗೆ ತುರುಕಿ ಹಲಗೆಯನ್ನು ಮೇಲೆತ್ತಿ ಬೀಗ ಹಾಕಿದರೆ ಮತ್ತೆ ಪೆಟ್ಟಿಗೆಯ ಆಕಾರ. ಹೀಗಾಗಿ ಹದಿನೆಂಟು ಅಡಿಯ ಪೆಟ್ಟಿಗೆಯಲ್ಲಿ ಆರು ಜನ ಮಲಗಲು ಸಾಧ್ಯ. ಅಷ್ಟೇ ಜನಕ್ಕೆ ಪೂರ್ತಿ ಗಟ್ಟಿ ಗೋಡೆಯ ಟ್ರೇಲರ್ ಬೇಕೆಂದರೆ ಉದ್ದವೂ ತೂಕವೂ ಏರುತ್ತವೆ. ಇದು ಅಮೆರಿಕದ ಪದ್ಧತಿ. ಆಸ್ಟ್ರೇಲಿಯಾದಲ್ಲಿ ಇದೇ ಹೆಸರಿನಲ್ಲಿ ಮಾರಾಟವಾಗುವುದು ಬೇರೆಯೇ ವಸ್ತು, ಅದರ ಮಾತು ಮುಂದೆ ಬರುತ್ತದೆ.

ಆರಿಸಿಕೊಳ್ಳಲು ಇರುವುದೇನು

ಪೂರ್ತಿ ಮಡಚುವ ಗುಡಾರದ ಟ್ರೇಲರ್ ಎಲ್ಲಕ್ಕಿಂತ ಹಗುರ. ತಗ್ಗಾಗಿ ಇರುವುದರಿಂದ ಎಳೆಯಲು ಸುಲಭ, ತೋಟದ ರಸ್ತೆಯಲ್ಲಿ ಕೊಂಬೆಗಳ ಕಾಟವಿಲ್ಲ. ಆದರೆ ಅದರ ಗೋಡೆಯೆಲ್ಲ ಬಟ್ಟೆ. ಜೋರು ಮಳೆಯಲ್ಲಿ ಅದನ್ನು ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಒಳಗಿನ ಹಾಸಿಗೆಯೂ ಒದ್ದೆ. ಮೈಸೂರಿನ ಆಚೆ ಹೋಗಿ ಬರುವವರಿಗೆ ಸರಿ, ಮಡಿಕೇರಿಯಲ್ಲಿ ಮನೆ ಇರುವವರಿಗೆ ನಾನು ಹೇಳುವುದಿಲ್ಲ.

ಮೋಟಾರ್ ಕ್ಯಾರವಾನ್, ಅಂದರೆ ಟೆಂಪೋ ಟ್ರಾವೆಲರ್‌ನಂಥ ವಾಹನದೊಳಗೇ ಮನೆ ಕಟ್ಟಿದ್ದು, ಇಕ್ಕಟ್ಟಿನ ರಸ್ತೆಗೆ ಅನುಕೂಲ. ಹಿಂದಕ್ಕೆ ತೆಗೆಯುವಾಗ ಟ್ರೇಲರ್ ಅಡ್ಡ ತಿರುಗುವ ಭಯವಿಲ್ಲ. ಆದರೆ ಬಳಸದ ತಿಂಗಳುಗಳಲ್ಲಿ ಒಂದು ಇಡೀ ವಾಹನ ಸುಮ್ಮನೆ ನಿಂತಿರುತ್ತದೆ, ತಂಗಿದ ಜಾಗದಿಂದ ಹಾಲು ತರಲು ಹೋಗಬೇಕಾದರೂ ಇಡೀ ಮನೆಯನ್ನೇ ಓಡಿಸಬೇಕು. ತೋಟದಲ್ಲಿ ಈಗಾಗಲೇ ಜೀಪು, ಪಿಕಪ್ ಇರುವ ಮನೆಯವರಿಗೆ ಎಳೆಯುವ ಟ್ರೇಲರ್‌ನಲ್ಲೇ ಹೆಚ್ಚು ಅರ್ಥವಿದೆ.

ಹಾಗಾಗಿ ನಿಜವಾದ ಸ್ಪರ್ಧೆ ಇರುವುದು ಅಮೆರಿಕದ ಬಗೆಯ ಹೈಬ್ರಿಡ್, ಪೂರ್ತಿ ಗಟ್ಟಿ ಗೋಡೆಯ ಟ್ರೇಲರ್, ಆಸ್ಟ್ರೇಲಿಯಾದ ಬಗೆಯ ಕಚ್ಚಾ ರಸ್ತೆಯ ಟ್ರೇಲರ್ ಈ ಮೂರರ ನಡುವೆ.

ಆಸ್ಟ್ರೇಲಿಯಾದವರು ಹೈಬ್ರಿಡ್ ಎನ್ನುವುದು ಚಿಕ್ಕ, ಗಟ್ಟಿಮುಟ್ಟಾದ, ನೆಲದಿಂದ ಎತ್ತರವಾಗಿ ನಿಂತ ಟ್ರೇಲರ್‌ಗೆ. ಒಳಗೆ ಹಾಸಿಗೆ, ಪಕ್ಕದಿಂದ ಹೊರಗೆಳೆಯುವ ಅಡುಗೆಮನೆ, ಕಲಾಯಿ ಮಾಡಿದ ಉಕ್ಕಿನ ಚೌಕಟ್ಟು, ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್. ಹಲವು ಮಾದರಿಗಳಲ್ಲಿ ಚಾವಣಿ ಮಾತ್ರ ಮೇಲೇಳುತ್ತದೆ, ಆ ಸಂದಿಯಲ್ಲಿ ಒಂದು ಪಟ್ಟಿಯಷ್ಟು ಕ್ಯಾನ್ವಾಸ್ ಇರುತ್ತದೆ. ಬಟ್ಟೆ ಕಡಿಮೆ ಇದ್ದಷ್ಟೂ ಒಣಗಿಸುವ ಕೆಲಸ ಕಡಿಮೆ. ಆದರೆ ಇದು ಹೆಚ್ಚಾಗಿ ದಂಪತಿಗೆ, ಬಹಳವೆಂದರೆ ಇಬ್ಬರು ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ. ಅಡುಗೆ ಹೊರಗೆ. ಜುಲೈ ತಿಂಗಳಲ್ಲಿ ಭಾಗಮಂಡಲದ ಕಡೆ ಕೊಡೆ ಹಿಡಿದು ಒಗ್ಗರಣೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅಡುಗೆಯ ಪಕ್ಕದ ಮೇಲ್ಛಾವಣಿ ಎಷ್ಟು ದೊಡ್ಡದು, ಗಾಳಿಮಳೆಗೆ ಅದು ನಿಲ್ಲುತ್ತದೆಯೇ ಎಂದು ನೋಡದೆ ಇದನ್ನು ಕೊಳ್ಳಬಾರದು.

ಹೊರದೇಶದಿಂದ ಬಂದ ಟ್ರೇಲರ್ ನೋಡುವಾಗ ಬಹಳಷ್ಟು ಜನ ಗಮನಿಸದ ಎರಡು ವಿಷಯಗಳಿವೆ. ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುವುದರಿಂದ ಅಲ್ಲಿನ ಟ್ರೇಲರ್‌ನ ಬಾಗಿಲು ಬಲಗಡೆ ಇರುತ್ತದೆ. ನಮ್ಮ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದರೆ ಮಗು ಇಳಿಯುವುದು ನೇರವಾಗಿ ಬಸ್ಸು ಬರುವ ಕಡೆಗೆ. ಆಸ್ಟ್ರೇಲಿಯಾ, ಬ್ರಿಟನ್ನಿನ ಟ್ರೇಲರ್‌ಗಳ ಬಾಗಿಲು ಎಡಕ್ಕೆ, ನಮಗೆ ಬೇಕಾದ ಕಡೆಗೇ ಇದೆ. ಇನ್ನೊಂದು ವಿದ್ಯುತ್ತು: ಅಮೆರಿಕದ ಉಪಕರಣಗಳು 120 ವೋಲ್ಟ್‌ಗೆ ಮಾಡಿದವು, ನಮ್ಮ ಮನೆಗಳಲ್ಲಿ ಇರುವುದು 230 ವೋಲ್ಟ್. ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬೇಕು, ಇಲ್ಲವೇ ಫ್ರಿಜ್, ಚಾರ್ಜರ್, ಪ್ಲಗ್ ಎಲ್ಲವನ್ನೂ ಬದಲಿಸಬೇಕು. ಗೊತ್ತಿಲ್ಲದೆ ತೋಟದ ಮನೆಯಿಂದ ವೈರ್ ಎಳೆದು ಚುಚ್ಚಿದರೆ ಒಂದೇ ಕ್ಷಣದಲ್ಲಿ ಎಲ್ಲ ಸುಟ್ಟುಹೋಗುತ್ತದೆ.

ನೋಂದಣಿಯ ವಿಚಾರವನ್ನು ದುಡ್ಡು ಕೊಡುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯು ಟ್ರೇಲರನ್ನೂ ಮೋಟಾರು ವಾಹನದ ವ್ಯಾಖ್ಯಾನದೊಳಗೇ ಸೇರಿಸಿದೆ. ಇಂಜಿನ್ ಇಲ್ಲದ ಪೆಟ್ಟಿಗೆ ಎಂಬ ಕಾರಣಕ್ಕೆ ಕಾಗದಪತ್ರ ಬೇಡ ಎಂದು ಮಾರುವವರು ಹೇಳಿದರೆ ನಂಬಬೇಡಿ.

ತೂಕ, ಬ್ರೇಕು, ಘಾಟಿ

ಹದಿನೇಳರಿಂದ ಇಪ್ಪತ್ತಮೂರು ಅಡಿಯ ಅಮೆರಿಕನ್ ಹೈಬ್ರಿಡ್‌ಗಳ ಖಾಲಿ ತೂಕ ಸುಮಾರು 1,500ರಿಂದ 2,200 ಕಿಲೋಗ್ರಾಂ. ಲೆಕ್ಕ ಹಾಕಬೇಕಾದದ್ದು ಈ ತೂಕವನ್ನಲ್ಲ, ತುಂಬಿದ ತೂಕವನ್ನು. ನೂರು ಲೀಟರ್ ನೀರೆಂದರೆ ನೂರು ಕಿಲೋ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಅಕ್ಕಿ ಬೇಳೆ, ಹಾಸಿಗೆ, ಕುರ್ಚಿ ಎಲ್ಲ ಸೇರಿದರೆ ಇನ್ನೂ ಇನ್ನೂರು ಮುನ್ನೂರು ಕಿಲೋ ಏರುವುದು ಕಷ್ಟವೇನಲ್ಲ. ನೆನೆದ ಕ್ಯಾನ್ವಾಸ್ ಕೂಡ ಒಣಗಿದ್ದಕ್ಕಿಂತ ಭಾರ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬ್ರೇಕ್ ಇರುವ ಟ್ರೇಲರ್‌ಗೆ ಒಂದು, ಇಲ್ಲದ್ದಕ್ಕೆ ಇನ್ನೊಂದು ಮಿತಿ ಬರೆದಿರುತ್ತದೆ. ಆ ಅಂಕಿಯನ್ನು ನೋಡಿ, ಷೋರೂಮಿನವರ ಬಾಯಿಮಾತನ್ನಲ್ಲ. ಅಂಚಿನವರೆಗೆ ಹೋಗುವ ಬದಲು ನಾಲ್ಕರಲ್ಲಿ ಒಂದು ಭಾಗವನ್ನಾದರೂ ಕೈಯಲ್ಲಿ ಉಳಿಸಿಕೊಳ್ಳುವುದು ಘಾಟಿಯ ರಸ್ತೆಗೆ ಒಳ್ಳೆಯದು.

ಅಮೆರಿಕದ ಟ್ರೇಲರ್‌ಗಳಲ್ಲಿ ತುಂಬಿದ ತೂಕದ ಶೇ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ, ಒಮ್ಮೆ ಶುರುವಾದರೆ ಗಾಡಿಯನ್ನೂ ಎಳೆದಾಡುತ್ತದೆ. ಭಾರವಾದ ಸಾಮಾನನ್ನೆಲ್ಲ ಹಿಂದಿನ ಮಂಚದ ಕೆಳಗೆ ತುಂಬುವ ಅಭ್ಯಾಸ ಅಪಾಯದ್ದು. ಅಚ್ಚಿನ ಮೇಲೆ ಮತ್ತು ಅದರ ಸ್ವಲ್ಪ ಮುಂದೆ ಭಾರ, ಎರಡು ತುದಿಗಳಲ್ಲಿ ಬಟ್ಟೆ ಹಾಸಿಗೆ, ಹೀಗೆ ಜೋಡಿಸಿ.

ಇನ್ನು ಬ್ರೇಕು. ಇಲ್ಲಿ ನಿಂತು ಯೋಚಿಸಬೇಕು, ಏಕೆಂದರೆ ಕೊಡಗಿನಿಂದ ಯಾವ ಕಡೆಗೆ ಹೊರಟರೂ ಇಳಿಯುವುದು ತಪ್ಪಿದ್ದಲ್ಲ. ಪೂರ್ವಕ್ಕೆ ಕುಶಾಲನಗರದ ಕಡೆಗಿನ ಇಳಿತ ಸೌಮ್ಯ. ಪಶ್ಚಿಮಕ್ಕೆ ಮಡಿಕೇರಿಯಿಂದ ಸಂಪಾಜೆ, ದಕ್ಷಿಣಕ್ಕೆ ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟ, ಇವು ಬಿಡದೆ ತಿರುಗುತ್ತ ಇಳಿಯುವ ದಾರಿಗಳು. ಟ್ರೇಲರ್ ಬ್ರೇಕ್‌ನಲ್ಲಿ ಎರಡು ಮುಖ್ಯ ಬಗೆ. ಒಂದು, ಗಾಡಿ ನಿಧಾನವಾದಾಗ ಹಿಂದಿನಿಂದ ಟ್ರೇಲರ್ ತಳ್ಳುವ ಒತ್ತಡದಿಂದಲೇ ಹಿಡಿಯುವ ಬ್ರೇಕು. ಯುರೋಪಿನಲ್ಲಿ ಇದೇ ರೂಢಿ. ವೈರಿಂಗ್ ಬೇಡ, ಯಾವ ಗಾಡಿಗೆ ಕಟ್ಟಿದರೂ ಕೆಲಸ ಮಾಡುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಟ್ರೇಲರ್ ಗಾಡಿಯನ್ನು ತಳ್ಳುತ್ತಲೇ ಇರುವುದರಿಂದ ಬ್ರೇಕೂ ಹಿಡಿದೇ ಇರುತ್ತದೆ, ಹಿಡಿದಷ್ಟೂ ಬಿಸಿಯೇರುತ್ತದೆ. ಇನ್ನೊಂದು ವಿದ್ಯುತ್ ಬ್ರೇಕು. ಚಾಲಕನ ಕೈಯಳತೆಯಲ್ಲಿ ಒಂದು ಪುಟ್ಟ ನಿಯಂತ್ರಕ ಇರುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ತಿರುಗಿಸಿ ಹೊಂದಿಸಬಹುದು, ಟ್ರೇಲರ್ ಆಡತೊಡಗಿದರೆ ಗಾಡಿಯ ಬ್ರೇಕ್ ಮುಟ್ಟದೆ ಟ್ರೇಲರನ್ನು ಮಾತ್ರ ಹಿಡಿಯಬಹುದು. ಸಂಪಾಜೆಯ ದಾರಿಯಲ್ಲಿ ಮತ್ತೆ ಮತ್ತೆ ಓಡಾಡುವವರು ವಿದ್ಯುತ್ ಬ್ರೇಕನ್ನೇ ಆರಿಸಿಕೊಳ್ಳಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಬ್ರೇಕ್ ಇದ್ದರೂ, ಇಳಿಯಲು ಶುರುಮಾಡುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಅರ್ಧ ಇಳಿದ ಮೇಲೆ ಗೇರ್ ನೆನಪಾಗುವುದು ತಡವಾದಂತೆ.

ಅಗಲದ ಮಾತು ಚಿಕ್ಕದು. ಅಮೆರಿಕದ ಟ್ರೇಲರ್‌ಗಳ ಅಗಲ ಸಾಮಾನ್ಯವಾಗಿ ಎಂಟು ಅಡಿಯ ಆಸುಪಾಸು. ಹೆದ್ದಾರಿಗೆ ತೊಂದರೆಯಿಲ್ಲ. ನಿಮ್ಮ ಗೇಟು, ಅದರಾಚೆಯ ಮೋರಿ, ತೋಟದ ರಸ್ತೆಯ ಮೊದಲ ತಿರುವು, ಇವನ್ನು ಟೇಪ್ ಹಿಡಿದು ಅಳೆಯಿರಿ. ರಸ್ತೆಯ ಪಕ್ಕದ ಚರಂಡಿಗೆ ಒಂದು ಚಕ್ರ ಇಳಿದರೆ ಎತ್ತಲು ಟ್ರ್ಯಾಕ್ಟರ್ ಬೇಕಾಗುತ್ತದೆ.

ಮಳೆಗಾಲದಲ್ಲಿ ಹೊರಡುವ ಯೋಚನೆಯನ್ನೇ ಬಿಡುವುದು ವಾಸಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವೆ ಗುಡ್ಡ ಕುಸಿದು ಹೆದ್ದಾರಿ ಕಡಿದುಹೋದದ್ದನ್ನು ಇಲ್ಲಿನ ಯಾರೂ ಮರೆತಿಲ್ಲ. ಮಳೆ ಜೋರಾದಾಗ ಜಿಲ್ಲಾಡಳಿತ ಭಾರೀ ವಾಹನಗಳನ್ನು ತಡೆಯುವುದೂ ಉಂಟು. ಟ್ರೇಲರ್ ಕಟ್ಟಿದ ಗಾಡಿ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ತಿರುಗಿಸಿಕೊಂಡು ಬರಲೂ ಜಾಗ ಇರುವುದಿಲ್ಲ.

ಕ್ಯಾನ್ವಾಸ್: ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲ ಕಡೆ ಇನ್ನೂ ಹೆಚ್ಚು. ಮೂವತ್ತು ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಅದಕ್ಕಿಂತ ಬಹಳ ಕಡಿಮೆ. ಒಂದೇ ಜಿಲ್ಲೆಯಾದರೂ ಇವೆರಡು ಊರಿನವರಿಗೆ ಒಂದೇ ಸಲಹೆ ಕೊಡಲಾಗುವುದಿಲ್ಲ. ಕುಶಾಲನಗರದವರು ನೆನೆದ ಟ್ರೇಲರನ್ನು ಅಂಗಳದಲ್ಲಿ ಬಿಚ್ಚಿಟ್ಟು ಒಂದು ಬಿಸಿಲಿಗೆ ಕಾಯಬಹುದು. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬಿಸಿಲು ಬರುವ ಭರವಸೆಯಿಲ್ಲ. ಗಾಳಿಯೇ ಒದ್ದೆಯಾಗಿರುವಾಗ ಬಟ್ಟೆಯನ್ನು ಹೊರಗೆ ಹರಡಿದರೂ ಫಲವಿಲ್ಲ.

ಒದ್ದೆಯಾಗಿ ಮಡಚಿಟ್ಟ ಕ್ಯಾನ್ವಾಸ್ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಬೂಷ್ಟಿನ ಕಲೆ ಒಮ್ಮೆ ಕೂತರೆ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆ ಹಾಸಿಗೆಗೆ ಹತ್ತುತ್ತದೆ, ಹೊಲಿಗೆಯ ದಾರ ಶಿಥಿಲವಾಗುತ್ತದೆ. ಹೊಸ ಗುಡಾರ ಹೊಲಿಸುವ ಖರ್ಚು ಹಳೆಯ ಹೈಬ್ರಿಡ್‌ನ ಬೆಲೆಯ ದೊಡ್ಡ ಪಾಲು. ಹಾಗಾಗಿ ನಿಯಮ ಒಂದೇ: ಮನೆಗೆ ಬಂದ ದಿನವೇ, ತಪ್ಪಿದರೆ ಮರುದಿನ, ಬಿಚ್ಚಿ ಒಣಗಿಸಬೇಕು.

ಇದನ್ನು ಕಾಫಿ ಬೆಳೆಯುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೇಲ್ಮೈ ಒಣಗಿದಂತೆ ಕಂಡ ಮಾತ್ರಕ್ಕೆ ಕಾಫಿಯನ್ನು ಮೂಟೆ ಕಟ್ಟಿದರೆ ಒಳಗೆ ಏನಾಗುತ್ತದೆ ಎಂದು ಅವರಿಗೆ ಗೊತ್ತು, ಕ್ಯಾನ್ವಾಸ್ ಕೂಡ ಹಾಗೆಯೇ. ನಡುವಿನ ಬಟ್ಟೆ ಬೇಗ ಒಣಗುತ್ತದೆ. ಕೊನೆಗೆ ಒಣಗುವುದು ಹೊಲಿಗೆಯ ಅಂಚು, ಮೂಲೆಯಲ್ಲಿ ಎರಡು ಮೂರು ಪದರ ಸೇರುವ ಜಾಗ, ವೆಲ್ಕ್ರೋ ಪಟ್ಟಿಯ ಹಿಂಬದಿ, ಹಾಸಿಗೆಯ ಕೆಳಗಿನ ಹಲಗೆ. ಅಲ್ಲಿ ಬೆರಳಿಟ್ಟು ನೋಡಿ ತಣ್ಣಗೆ ಅನ್ನಿಸಿದರೆ ಇನ್ನೂ ಒಣಗಿಲ್ಲ ಎಂದೇ ತಿಳಿಯಿರಿ.

ಕಾಫಿ ಒಣಗಿಸುವ ಕಣ ಇದೆಯಲ್ಲ, ಅಲ್ಲೇ ಬಿಚ್ಚಿದರಾಯಿತು ಎನ್ನುವ ತೋಟದವರು ಹಂಗಾಮನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರೇಬಿಕಾ ಕೊಯ್ಲು ನವೆಂಬರ್‌ನ ಸುಮಾರಿಗೆ ಶುರುವಾಗಿ, ಅದರ ಹಿಂದೆಯೇ ರೊಬಸ್ಟಾ ಬಂದು, ಫೆಬ್ರವರಿ ಮುಗಿಯುವವರೆಗೂ ಕಣ ಖಾಲಿಯಿರುವುದಿಲ್ಲ. ಒಳ್ಳೆಯ ಬಿಸಿಲು ಇರುವ ತಿಂಗಳುಗಳೂ, ಪ್ರವಾಸಕ್ಕೆ ಹಿತವಾದ ತಿಂಗಳುಗಳೂ ಅವೇ. ಹುತ್ತರಿಯ ರಜೆಗೆ ಹೋಗಿ ಬಂದು ಕಣದ ನಡುವೆ ಟ್ರೇಲರ್ ಬಿಚ್ಚಿದರೆ ಮನೆಯ ಹಿರಿಯರು ಒಪ್ಪುವ ಮಾತಲ್ಲ. ಆದ್ದರಿಂದ ಹೈಬ್ರಿಡ್‌ಗೆ ಬೇಕಾದ್ದು ಕಣದ ಹಂಗಿಲ್ಲದ ಒಂದು ತಗಡಿನ ಶೆಡ್. ಟ್ರೇಲರ್‌ನ ಉದ್ದಕ್ಕೆ ಎರಡು ಕಡೆಯ ಮಂಚವನ್ನೂ ಸೇರಿಸಿ, ಬಿಚ್ಚಿದ ಸ್ಥಿತಿಯ ಅಳತೆಗೆ ಶೆಡ್ ಕಟ್ಟಿಸಬೇಕು. ಹದಿನೆಂಟು ಅಡಿಯ ಟ್ರೇಲರ್ ಬಿಚ್ಚಿದಾಗ ಇಪ್ಪತ್ತೈದು ಅಡಿ ದಾಟಬಹುದು. ಪಕ್ಕದ ಗೋಡೆ ಬೇಡ, ಗಾಳಿ ಆಡಬೇಕು. ಮಳೆಗಾಲದಲ್ಲಿ ಒಂದು ದೊಡ್ಡ ಫ್ಯಾನು, ಸಾಧ್ಯವಾದರೆ ತೇವ ಹೀರುವ ಯಂತ್ರ. ಇಷ್ಟು ಜಾಗ ಇಲ್ಲದವರು, ಪೇಟೆಯ ಇಕ್ಕಟ್ಟಿನ ಮನೆಯಲ್ಲಿ ಇರುವವರು, ಇಲ್ಲಿಗೇ ಓದು ನಿಲ್ಲಿಸಿ ಗಟ್ಟಿ ಗೋಡೆಯ ಟ್ರೇಲರ್ ಹುಡುಕಲು ಹೊರಡಬಹುದು.

ಕ್ಯಾನ್ವಾಸ್‌ನಲ್ಲೂ ಆಯ್ಕೆಯಿದೆ. ಹತ್ತಿ ಬೆರೆತ ಬಟ್ಟೆ ಉಸಿರಾಡುತ್ತದೆ, ಒಳಗೆ ಮಲಗಿದವರ ಉಸಿರಿನ ತೇವ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಆದರೆ ಭಾರ ಹೆಚ್ಚು, ಒಣಗಲು ಹೊತ್ತು ಹೆಚ್ಚು. ವಿನೈಲ್ ಲೇಪಿಸಿದ ಬಟ್ಟೆ ನೀರನ್ನು ಜಾರಿಸಿಬಿಡುತ್ತದೆ, ಒರೆಸಿದರೆ ಮುಗಿಯಿತು. ಬೆಳಗಿನ ಜಾವ ಮಾತ್ರ ಒಳಮೈಯಲ್ಲಿ ಹನಿ ಕೂತು ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಹೊಸಬರು ಇದನ್ನು ಸೋರಿಕೆ ಎಂದು ತಿಳಿದು ಹೊಲಿಗೆಗೆಲ್ಲ ಅಂಟು ಬಳಿಯುತ್ತಾರೆ. ಅದು ಒಳಗಿನ ನೀರೇ. ಕಿಟಕಿಯನ್ನು ಎರಡು ಕಡೆ ನಾಲ್ಕು ಬೆರಳಷ್ಟು ತೆರೆದಿಟ್ಟು, ಒಳಗೆ ಅನ್ನ ಬೇಯಿಸುವುದನ್ನು ಕಡಿಮೆ ಮಾಡಿದರೆ ಅರ್ಧ ಪರಿಹಾರ. ನನ್ನ ಆಯ್ಕೆ ಕೇಳಿದರೆ, ಮೇಲ್ಭಾಗ ವಿನೈಲ್, ಪಕ್ಕಗಳು ಉಸಿರಾಡುವ ಬಟ್ಟೆ ಇರುವ ಮಾದರಿ. ಒದ್ದೆಯಲ್ಲೇ ಮಡಚಿ ಹೊರಡುವ ಪ್ರಸಂಗ ಹೆಚ್ಚು ಬರುವವರಿಗೆ ಪೂರ್ತಿ ವಿನೈಲ್ ಸರಿಹೋದೀತು.

ಹೊಸ ಹತ್ತಿಯ ಕ್ಯಾನ್ವಾಸ್‌ನ್ನು ಬಳಸುವ ಮೊದಲು ಒಂದೆರಡು ಸಲ ಚೆನ್ನಾಗಿ ನೆನೆಸಿ ಪೂರ್ತಿ ಒಣಗಿಸಬೇಕು. ದಾರ ಉಬ್ಬಿ ಸೂಜಿಯ ತೂತುಗಳನ್ನು ಮುಚ್ಚುತ್ತದೆ. ತೊಳೆಯುವಾಗ ತಣ್ಣೀರು, ಸೌಮ್ಯ ಸಾಬೂನು, ಮೃದುವಾದ ಬ್ರಷ್ ಸಾಕು. ಬಟ್ಟೆ ಒಗೆಯುವ ಪುಡಿ ನೀರು ತಡೆಯುವ ಲೇಪವನ್ನು ತಿನ್ನುತ್ತದೆ, ಬ್ಲೀಚ್ ದಾರವನ್ನೇ ತಿನ್ನುತ್ತದೆ. ಬೂಷ್ಟು ಕಂಡರೆ ಮೊದಲು ಒಣಗಿಸಿ, ಹೊರಗೆ ನಿಂತು ಒಣ ಬ್ರಷ್‌ನಿಂದ ಉದುರಿಸಿ, ಆಮೇಲೆ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ ನೋಡಿ.

ಮಳೆಯಲ್ಲೇ ಮಡಚಬೇಕಾಗಿ ಬಂದರೆ ಹಾಸಿಗೆಯನ್ನು ಮೊದಲು ನಡುಮನೆಗೆ ಎಳೆದುಕೊಳ್ಳಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕ್ಯಾನ್ವಾಸ್‌ನ ನೀರನ್ನು ಸ್ಪಂಜಿನಿಂದ ಹೀರಿಸಿ ಒಳಗೆ ತುರುಕಿ. ಹಲಗೆ ಮುಚ್ಚುವಾಗ ಬಟ್ಟೆಯ ಅಂಚು ರಬ್ಬರ್ ಬೀಡಿಂಗ್‌ನ ನಡುವೆ ಸಿಕ್ಕಿಕೊಳ್ಳದಂತೆ ಸುತ್ತ ಕೈಯಾಡಿಸಿ. ಒಂದು ಬೆರಳಷ್ಟು ಬಟ್ಟೆ ಹೊರಗೆ ಉಳಿದರೂ ದೀಪದ ಬತ್ತಿಯ ಹಾಗೆ ನೀರನ್ನು ಒಳಕ್ಕೆ ಎಳೆಯುತ್ತದೆ, ಮನೆ ತಲುಪುವಷ್ಟರಲ್ಲಿ ಹಾಸಿಗೆ ನೆನೆದಿರುತ್ತದೆ. ಮುಂದಿನ ಹಲಗೆಯ ಬೀಡಿಂಗ್ ಮೇಲೆ ಹೆಚ್ಚಿನ ನಿಗಾ ಬೇಕು, ಓಡುವಾಗ ಮಳೆ ಹೊಡೆಯುವುದು ಅದಕ್ಕೇ.

ಕೊಳ್ಳುವಾಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಮಂಚ ತೆರೆಯದೆ ಒಳಗೆ ಎಷ್ಟು ಜನ ಮಲಗಬಹುದು? ಊಟದ ಮೇಜು ಅಥವಾ ಸೋಫಾ ಮಡಚಿ ಹಾಸಿಗೆಯಾಗುವ ಮಾದರಿ ಇದ್ದರೆ, ರಾತ್ರಿ ಮಳೆ ಹಿಡಿದಾಗ ಗುಡಾರವನ್ನು ಬಿಚ್ಚದೆಯೇ ಇಬ್ಬರು ಮೂವರು ಮಲಗಿ ಬೆಳಿಗ್ಗೆ ಒಣಗಿದ ಕ್ಯಾನ್ವಾಸ್‌ನೊಂದಿಗೆ ಹೊರಡಬಹುದು. ಇಲ್ಲಿನ ಹವೆಗೆ ಈ ಒಂದು ಅನುಕೂಲ ಉಳಿದ ನಾಲ್ಕಕ್ಕೆ ಸಮ.

ಗಟ್ಟಿ ಭಾಗವೂ ಸುರಕ್ಷಿತವಲ್ಲ

ಹೈಬ್ರಿಡ್ ಕೊಂಡವರು ಬಟ್ಟೆಯ ಚಿಂತೆಯಲ್ಲಿ ಚಾವಣಿಯನ್ನು ಮರೆಯುತ್ತಾರೆ. ಗುಡಾರದ ಕೆಲಸವೂ ಇದೆ, ಕ್ಯಾರವಾನ್‌ನ ಕೆಲಸವೂ ಇದೆ, ಅದು ಹೈಬ್ರಿಡ್‌ನ ಸ್ವಭಾವ. ಹಲವು ಟ್ರೇಲರ್‌ಗಳ ಗೋಡೆ ತೆಳು ಪ್ಲೈವುಡ್ ಮೇಲೆ ಫೈಬರ್‌ಗ್ಲಾಸ್ ಅಂಟಿಸಿದ್ದು. ಚಾವಣಿಯ ಕಿಟಕಿ, ಪೈಪು, ಅಂಚಿನ ಪಟ್ಟಿ, ಎಲ್ಲೆಲ್ಲಿ ಸ್ಕ್ರೂ ಇದೆಯೋ ಅಲ್ಲೆಲ್ಲ ಸೀಲಂಟ್ ಇರುತ್ತದೆ. ಅದು ಬಿರುಕು ಬಿಟ್ಟರೆ ನೀರು ಸದ್ದಿಲ್ಲದೆ ಇಳಿದು ಅಂಟು ಬಿಡಿಸುತ್ತದೆ, ಹೊರಗೋಡೆ ಉಬ್ಬುತ್ತದೆ, ನೆಲ ಮೆತ್ತಗಾಗುತ್ತದೆ. ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದು ಅಕ್ಟೋಬರ್‌ನಲ್ಲಿ ಒಮ್ಮೆ, ಏಣಿ ಹಾಕಿ ಪ್ರತಿ ಸಂದಿಯನ್ನೂ ನೋಡಬೇಕು. ರಬ್ಬರ್ ಚಾವಣಿಗೆ ಪೆಟ್ರೋಲ್, ಥಿನ್ನರ್ ತಾಗಿಸಬೇಡಿ. ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಹಚ್ಚುವ ಆತುರವೂ ಬೇಡ. ಅದರ ಮೇಲೆ ಮುಂದೆ ಬೇರೆ ಯಾವ ಸೀಲಂಟೂ ಅಂಟುವುದಿಲ್ಲ. ಆ ಚಾವಣಿಗೆ ಹೊಂದುವ ಸೀಲಂಟನ್ನೇ ತರಿಸಿಕೊಳ್ಳಿ.

ತೋಟದಲ್ಲಿ ನಿಲ್ಲಿಸುವವರು ಅಕ್ಕಪಕ್ಕ ಏನಿದೆ ಎಂದೂ ನೋಡಬೇಕು. ಗೊಬ್ಬರದ ಗೋದಾಮಿನಲ್ಲಿ ಟ್ರೇಲರ್ ಇಡುವುದು ತುಕ್ಕಿಗೆ ಆಹ್ವಾನ ಕೊಟ್ಟಂತೆ, ರಸಗೊಬ್ಬರದ ಧೂಳು ಗಾಳಿಯ ತೇವ ಹೀರಿ ಲೋಹವನ್ನು ಕೊರೆಯುತ್ತದೆ. ಮಳೆಗೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರ ಮೈಲುತುತ್ತ ಅಲ್ಯೂಮಿನಿಯಂಗೂ ಕಲಾಯಿಗೂ ಶತ್ರು, ಕ್ಯಾನ್ವಾಸ್ ಮೇಲೆ ಬಿದ್ದರೆ ನೀಲಿ ಕಲೆ. ಸಿಂಪಡಿಸುವ ದಿನ ಟ್ರೇಲರನ್ನು ದೂರ ಸರಿಸಿ, ಹನಿ ಬಿದ್ದಿದ್ದರೆ ಅಂದೇ ತೊಳೆಯಿರಿ. ಟಾರ್ಪಾಲಿನ್‌ನಲ್ಲಿ ಬಿಗಿಯಾಗಿ ಸುತ್ತಿಡುವುದೂ ಒಳ್ಳೆಯದಲ್ಲ, ತೇವ ಒಳಗೇ ಉಳಿದು ಮರ ಕೊಳೆಯುತ್ತದೆ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸಬೇಡಿ, ಗಾಳಿಮಳೆಗೆ ಅದರ ಕೊಂಬೆ ಮುರಿಯುವುದು ಎಲ್ಲರಿಗೂ ಗೊತ್ತಿರುವುದೇ. ಚಕ್ರದ ಕೆಳಗೆ ಹಲಗೆ ಕೊಡಿ, ಗೆದ್ದಲು ಹತ್ತದಂತೆ ಆ ಹಲಗೆಯನ್ನು ಆಗಾಗ ಎತ್ತಿ ನೋಡಿ. ವೈರ್ ಒಳಬರುವ ತೂತುಗಳಿಗೆ ಉಕ್ಕಿನ ನಾರು ತುರುಕಿದರೆ ಇಲಿ ಬರುವುದಿಲ್ಲ.

ಅಮೆರಿಕದ ಕೈಪಿಡಿಗಳಲ್ಲಿ ಚಳಿಗಾಲದ ತಯಾರಿಗೆಂದೇ ಪುಟಗಟ್ಟಲೆ ಸೂಚನೆಗಳಿರುತ್ತವೆ, ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಿರಲು ಅಲ್ಲಿ ಅದು ಬೇಕು. ನಮ್ಮ ಡಿಸೆಂಬರ್‌ನ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ, ಆ ಪುಟಗಳನ್ನು ದಾಟಿ ಹೋಗಿ. ನಮಗೆ ಬೇಕಾದ್ದು ಮಳೆಗಾಲದ ತಯಾರಿ. ಮೇ ಕೊನೆಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಹಾಸಿಗೆಗಳನ್ನು ಮನೆಯೊಳಗೆ ತಂದು ನಿಲ್ಲಿಸಿ, ಕಪಾಟಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬ್ಯಾಟರಿಯನ್ನು ಕಳಚಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಸೀಸದ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದು ಮೂರು ತಿಂಗಳು ನಿಂತರೆ ಮತ್ತೆ ಹಿಂದಿನ ಶಕ್ತಿಗೆ ಬರುವುದು ಕಷ್ಟ. ಮಳೆ ಮುಗಿದು ಮತ್ತೆ ಬಳಸುವ ಮೊದಲು ಟ್ಯಾಂಕಿಗೆ ಒಂದು ಲೀಟರ್ ನೀರಿಗೆ ಒಂದು ಮಿಲಿಲೀಟರ್‌ನಂತೆ ಸುವಾಸನೆಯಿಲ್ಲದ ಸಾದಾ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಗಳಲ್ಲೂ ಆ ನೀರು ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ಇಟ್ಟು, ವಾಸನೆ ಹೋಗುವವರೆಗೆ ಒಳ್ಳೆಯ ನೀರಿನಿಂದ ತೊಳೆಯಿರಿ. ಚಕ್ರದ ಬೇರಿಂಗ್‌ಗೆ ವರ್ಷಕ್ಕೊಮ್ಮೆ ಹೊಸ ಗ್ರೀಸ್, ಟೈರ್ ಸವೆಯದಿದ್ದರೂ ಐದಾರು ವರ್ಷಕ್ಕೆ ಬದಲು. ನಿಂತೇ ಇದ್ದ ಟೈರು ಸವೆಯುವುದಿಲ್ಲ, ಬಿರಿಯುತ್ತದೆ.

ಎಲ್ಲಿ ನಿಲ್ಲಿಸುತ್ತೀರಿ, ಯಾರಿಗಾಗಿ

ಹೋಂಸ್ಟೇ ನಡೆಸುವವರು ತೋಟದ ಮೂಲೆಯಲ್ಲಿ ಒಂದು ಟ್ರೇಲರ್ ನಿಲ್ಲಿಸಿ ಅತಿಥಿಗಳಿಗೆ ಕೊಡುವ ಯೋಚನೆ ಮಾಡುತ್ತಾರೆ. ಅದಕ್ಕೆ ಹೈಬ್ರಿಡ್ ಬೇಡವೇ ಬೇಡ. ವರ್ಷವಿಡೀ ಬಿಚ್ಚಿಟ್ಟ ಕ್ಯಾನ್ವಾಸ್ ಬೇಸಿಗೆಯ ಬಿಸಿಲಿಗೆ ಜೀರ್ಣವಾಗುತ್ತದೆ, ಮಳೆಗೆ ಕೊಳೆಯುತ್ತದೆ. ಓಡಾಡದ ಟ್ರೇಲರ್‌ಗೆ ಹಗುರವಾಗಿರುವುದರ ಲಾಭವೂ ಇಲ್ಲ. ಗಟ್ಟಿ ಗೋಡೆಯದನ್ನು ತಂದು ಮೇಲೊಂದು ತಗಡಿನ ಮಾಡು ಹಾಕಿಸಿ.

ಓಡಾಡುವವರಿಗೂ ಒಂದು ಮಾತು. ತಿತಿಮತಿ, ಸಿದ್ದಾಪುರ, ಅಮ್ಮತ್ತಿ ಸುತ್ತ ಆನೆ ತೋಟಕ್ಕೆ ಬರುವುದು ನಿತ್ಯದ ಸಂಗತಿ. ಹಲಸು ಹಣ್ಣಾಗುವ ಕಾಲದಲ್ಲಿ, ಬತ್ತದ ಪೈರು ಬಲಿತ ಕಾಲದಲ್ಲಿ ಇನ್ನೂ ಹೆಚ್ಚು. ಅಂಥ ಕಡೆ ಕ್ಯಾನ್ವಾಸ್ ಮಂಚದಲ್ಲಿ ಮಕ್ಕಳನ್ನು ಮಲಗಿಸಬಾರದು. ಬಟ್ಟೆಯ ಆಚೆ ಏನಿದೆ ಎಂದು ತಿಳಿಯುವುದಿಲ್ಲ, ತಿಳಿದರೂ ಎದ್ದು ಹೋಗಲು ದಾರಿಯಿಲ್ಲ. ಗಟ್ಟಿ ಗೋಡೆಯೂ ಆನೆಯ ಮುಂದೆ ರಕ್ಷಣೆಯಲ್ಲ, ಮನೆಗಳಿರುವ ಆವರಣದೊಳಗೆ ತಂಗುವುದೊಂದೇ ಸರಿಯಾದ ದಾರಿ. ಬಾಳೆಹಣ್ಣು, ಹಲಸು, ಉಪ್ಪು ಗುಡಾರದ ಕಡೆ ಇರಬಾರದು. ಜಿಗಣೆಯ ವಿಚಾರದಲ್ಲಿ ಮಾತ್ರ ಹೈಬ್ರಿಡ್‌ಗೆ ಗೆಲುವು: ಮಂಚ ನೆಲದಿಂದ ಮೂರಡಿ ಮೇಲೆ ಇರುವುದರಿಂದ ನೆಲದ ಗುಡಾರದಷ್ಟು ಕಾಟವಿಲ್ಲ.

ಕೆಂಪು ಮಣ್ಣಿನಲ್ಲಿ ನಿಲ್ಲಿಸುವಾಗ ಮೊದಲು ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟೆ, ಆಮೇಲೆಯೇ ಕೊಂಡಿ ಕಳಚುವುದು. ಮೂಲೆಯ ಜಾಕ್‌ಗಳ ಕೆಳಗೆ ಅಗಲವಾದ ಹಲಗೆ ಕೊಡದಿದ್ದರೆ ರಾತ್ರಿಯ ಮಳೆಗೆ ಒಂದು ಮೂಲೆ ಇಳಿದು ಬಾಗಿಲು ಮುಚ್ಚದಂತಾಗುತ್ತದೆ. ಆ ಜಾಕ್‌ಗಳು ಅಲುಗಾಟ ತಡೆಯಲು ಇರುವವು, ಟ್ರೇಲರ್‌ನ ಭಾರ ಎತ್ತಲು ಅಲ್ಲ.

ಹಳೆಯದನ್ನು ಕೊಳ್ಳುವುದಾದರೆ

ಇಲ್ಲಿ ಹೊಸದಕ್ಕಿಂತ ಕೈಬದಲಾದದ್ದೇ ಸಿಗುವುದು ಹೆಚ್ಚು. ಮಾರುವವರು ಸಾಮಾನ್ಯವಾಗಿ ಬೇಸಿಗೆಯಲ್ಲಿ ಕರೆಯುತ್ತಾರೆ. ಆಗುವುದಾದರೆ ನೀವು ಜುಲೈವರೆಗೆ ಕಾಯಿರಿ, ಮಳೆ ಸುರಿಯುವ ದಿನವೇ ನೋಡಲು ಹೋಗಿ. ಮುಚ್ಚಿದ ಟ್ರೇಲರ್‌ನ ಬಾಗಿಲು ತೆರೆದ ಕೂಡಲೇ ಬರುವ ವಾಸನೆಯನ್ನು ಗಮನಿಸಿ, ಗಂಧದ ಬತ್ತಿ ಹಚ್ಚಿಟ್ಟಿದ್ದರೆ ಯಾಕೆ ಎಂದು ಕೇಳಿ. ಎರಡೂ ಮಂಚ ಬಿಚ್ಚಿಸಿ, ಕ್ಯಾನ್ವಾಸ್‌ನ ಮೂಲೆಗಳನ್ನು ಬೆಳಕಿಗೆ ಹಿಡಿದು ಸೂಜಿ ತೂತಿನ ಗಾತ್ರದ ಬೆಳಕು ಕಾಣುತ್ತದೆಯೇ ನೋಡಿ. ಮಂಚದ ಹಲಗೆಯ ತಳವನ್ನು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ಮರ ಹೋಗಿದೆ. ಹೊರಗೋಡೆಯ ಮೇಲೆ ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿದರೆ ಉಬ್ಬು ತಗ್ಗು ಎದ್ದು ಕಾಣುತ್ತದೆ. ಶೌಚಾಲಯದ ಸುತ್ತ, ಬಾಗಿಲ ಬಳಿ, ಚಾವಣಿಯ ಮೂಲೆಗಳ ನೇರ ಕೆಳಗೆ ನೆಲದ ಮೇಲೆ ಕಾಲೂರಿ ನಿಂತು ನೋಡಿ. ಕ್ಯಾನ್ವಾಸ್ ಹಳೆಯದಾಗಿ ಮರ ಗಟ್ಟಿಯಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ಬಟ್ಟೆಯನ್ನು ಹೊಸದಾಗಿ ಹೊಲಿಸಲು ಆಗುತ್ತದೆ. ಕ್ಯಾನ್ವಾಸ್ ಹೊಸದಾಗಿದ್ದು ನೆಲ ಮೆತ್ತಗಿದ್ದರೆ, ಎಷ್ಟೇ ಅಗ್ಗವಾದರೂ ಬೇಡ ಎಂದು ಬಂದುಬಿಡಿ. ಮಳೆಯಲ್ಲಿ ಬಿಚ್ಚಿ ತೋರಿಸಲು ಒಪ್ಪದವರ ಟ್ರೇಲರನ್ನು ನೋಡಲು ಹೋಗುವ ಅಗತ್ಯವೇ ಇಲ್ಲ.